ಕೆಂಪು ಕಡ್ಡಿ ಹುಡುಕೋ ಕೆಲಸ: ಬರ್ಲಿನ್‌ನಿಂದ ತುಮಕೂರಿಗೆ

ದೆಹಲಿ, ನೋಯ್ಡಾ ಕಡೆ ಇರೋರು ಸರ್ಕಾರಿ ಆಸ್ಪತ್ರೆ ಗೋಡೆ ಮೇಲೆ ಈ ಬರಹ ನೋಡೇ ಇರ್ತೀರಿ: ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಹಿಂದಿಯಲ್ಲಿರೋ ಆ ಸಾಲಿನ ಒಂದು ಬೇರು ನಮ್ಮ ತುಮಕೂರಿನ ಹಳ್ಳಿಗಳಲ್ಲಿದೆ. ಅಲ್ಲಿಗೆ ಬರೋ ಮೊದಲು ಬರ್ಲಿನ್‌ಗೆ ಹೋಗಿಬರೋಣ.

1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಅಲ್ಲಿನ ಒಂದು ಸಭೆಯಲ್ಲಿ ಟಿಬಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ತೋರಿಸಿದರು. ತೋರಿಸೋದೇ ಕಷ್ಟದ ಕೆಲಸ, ನೋಡಿ. ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಪಾರದರ್ಶಕ. ಬಣ್ಣ ಹಾಕದೆ ಸರಿಯಾಗಿ ಕಾಣಲ್ಲ. ಟಿಬಿಯದ್ದಂತೂ ಬಣ್ಣವನ್ನೂ ಸುಲಭವಾಗಿ ಹಿಡಿಯಲ್ಲ, ಯಾಕಂದ್ರೆ ಅದರ ಹೊರಗೋಡೆಯಲ್ಲಿ ಮೇಣದಂಥ ಕೊಬ್ಬಿದೆ. ಕಾಕ್ ಸ್ಲೈಡನ್ನು ಮೆಥಿಲೀನ್ ಬ್ಲೂ ಬಣ್ಣದಲ್ಲಿ ಸುಮಾರು ಒಂದು ದಿನ ನೆನೆಸಿಡ್ತಿದ್ದರು.

ಆ ಸಭೆಯಲ್ಲಿ ಕೂತಿದ್ದ ಪಾಲ್ ಎರ್ಲಿಕ್ ಅದೇ ವರ್ಷ ಇನ್ನೂ ಒಳ್ಳೆಯ ದಾರಿ ಕಂಡುಕೊಂಡರು. ಅದನ್ನು ಜೀಲ್, ನೀಲ್ಸನ್ ಇಬ್ಬರೂ ತಿದ್ದಿದರು. ಈಗಲೂ ಅದೇ ನಡೀತಿದೆ. ಕಫವನ್ನು ಸ್ಲೈಡ್ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಕಾರ್ಬಾಲ್ ಫುಕ್ಸಿನ್ ಅನ್ನೋ ಕೆಂಪು ಬಣ್ಣ ಸುರಿದು, ಕೆಳಗಿಂದ ಹಬೆ ಏಳೋವರೆಗೆ ಕಾಯಿಸ್ತಾರೆ. ಕುದೀಬಾರದು. ಆಮೇಲೆ ಆಸಿಡ್ ಹಾಕಿ ತೊಳೀತಾರೆ. ಬೇರೆ ಬಹುತೇಕ ಜೀವಕೋಶಗಳು ಬಣ್ಣ ಬಿಟ್ಟುಬಿಡ್ತವೆ, ಟಿಬಿಯದ್ದು ಬಿಡಲ್ಲ. ಒಳಗೆ ಹೋಗೋಕೆ ಅಡ್ಡಿ ಮಾಡಿದ ಮೇಣವೇ ಹೊರಗೆ ಬರೋಕೂ ಅಡ್ಡಿ! ಕೊನೆಗೆ ನೀಲಿ ಬಣ್ಣ ಹಾಕಿದರೆ, ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಒಂದು ಇಫ್-ಎಲ್ಸ್. 1884ರ ಗ್ರಾಮ್ ವಿಧಾನ ಇದಕ್ಕಿಂತ ಪ್ರಸಿದ್ಧ, ಆದ್ರೆ ಟಿಬಿ ಹಿಡಿಯೋಕೆ ಅದು ಸಾಲದು.

ಈಗ ಬೆಂಗಳೂರು. 1959ರಲ್ಲಿ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು. ಆಗ ಇದ್ದ ನಂಬಿಕೆ ಏನಪ್ಪಾ ಅಂದ್ರೆ, ಹಳ್ಳಿ ಜನಕ್ಕೆ ಕಾಯಿಲೆಯ ಅರಿವಿರಲ್ಲ, ಎಕ್ಸ್‌ರೇ ಗಾಡಿ ತಗೊಂಡು ನಾವೇ ಊರೂರು ಸುತ್ತಿ ರೋಗಿಗಳನ್ನು ಹುಡುಕಬೇಕು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳ ಜೊತೆ ಕೂತು ಮಾತಾಡಿಸಿದಾಗ ಕತೆಯೇ ಬೇರೆ ಆಯ್ತು. ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು! ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿ. 1963ರಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ಕಾಕ್ ಭಾಷಣದಷ್ಟೇ ದೊಡ್ಡದು ಅನ್ಸುತ್ತೆ. ರೋಗಿ ಬಾಗಿಲಿಗೇ ಬಂದಿದ್ದಾನೆ, ಸ್ಲೈಡ್ ಮಾಡೋರಿಲ್ಲ.

ಹಾಗಾಗಿ, ಕೆಮ್ಮು ಅಂತ ಬಂದವರ ಕಫವನ್ನು ಅಲ್ಲೇ ನೋಡೋದು ರಾಷ್ಟ್ರೀಯ ಕಾರ್ಯಕ್ರಮದ ಮುಖ್ಯ ಕೆಲಸವಾಯ್ತು. ಒಂದು ಮೈಕ್ರೋಸ್ಕೋಪ್, ಒಂದು ಸ್ಪಿರಿಟ್ ದೀಪ, ಎರಡು ಬಣ್ಣ, ಆಸಿಡ್, ಕಲಿತ ಒಬ್ಬ ತಂತ್ರಜ್ಞ ಇದ್ರೆ ತಾಲ್ಲೂಕಲ್ಲೂ ನಡೆಯೋ ಕೆಲಸ. ಬ್ಯಾನರ್ಜಿ ಮುಂದೆ ನಮ್ಮ ದೆಹಲಿಗೇ ಬಂದು ಜೆಎನ್‌ಯುನಲ್ಲಿ ಸಮುದಾಯ ಆರೋಗ್ಯದ ಕೇಂದ್ರ ಕಟ್ಟಿದರು.

ಈ ವಿಧಾನಕ್ಕೆ ಮಿತಿ ಇಲ್ಲ ಅಂತಲ್ಲ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಬ್ಯಾಕ್ಟೀರಿಯಾ ಇದ್ರೇನೇ ಕಣ್ಣಿಗೆ ಬೀಳೋದು. ಮಕ್ಕಳಲ್ಲಿ, ಎಚ್‌ಐವಿ ಇರೋರಲ್ಲಿ ಎಷ್ಟೋ ಸಲ ಅಷ್ಟು ಇರಲ್ಲ. ಸ್ಲೈಡ್‌ನಲ್ಲಿ ಏನೂ ಕಾಣ್ಲಿಲ್ಲ ಅಂದ ಮಾತ್ರಕ್ಕೆ ಟಿಬಿ ಇಲ್ಲ ಅಂತಲ್ಲ. ಕೆಮ್ಮು ನಿಲ್ಲದಿದ್ರೆ ಮತ್ತೆ ಹೋಗಿ, ಕೇಳಿ. ಅದಕ್ಕೇ ಈಗ ಡಿಎನ್‌ಎ ಹುಡುಕೋ ಸಿಬಿನಾಟ್, ಟ್ರೂನಾಟ್ ಯಂತ್ರಗಳು ಬಂದಿವೆ. ಆದ್ರೆ ಅವು ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಎಣಿಸಿಬಿಡ್ತವೆ. ಆದ್ದರಿಂದ ಮಾತ್ರೆ ಶುರುವಾದ ಮೇಲೆ ಗುಣ ಆಗ್ತಿದೆಯಾ ಅಂತ ನೋಡೋಕೆ ಅದೇ ಹಳೇ ಸ್ಲೈಡನ್ನು ಇನ್ನೂ ಕೇಳ್ತಾರೆ.