ಊರಿಗೆ ಬಂದ ಆಸ್ಪತ್ರೆ ವಿಮೆಯೊಳಗೂ ಬಂದಿದೆಯೆ?

ಅಮೆರಿಕದಲ್ಲಿ ಮಗನ ಮನೆಯಲ್ಲಿ ನೆಲೆಸಿರುವ ಹಿರಿಯ ವಾಚಕರೊಬ್ಬರು ನಮಗೆ ಬರೆದ ಪತ್ರದಲ್ಲಿ ಒಂದು ಸಂತೋಷವೂ ಒಂದು ಸಂದೇಹವೂ ಇದ್ದವು. ಅವರು ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಉತ್ತರಕ್ಕಿರುವ ಬಡಾವಣೆಗೆ ಹೋಗಿ ಸೇರಿದಾಗ, ಹೃದ್ರೋಗ ತಜ್ಞರನ್ನು ಕಾಣಬೇಕಾದರೆ ಮಗನು ಕಚೇರಿಗೆ ರಜೆ ಹಾಕಿ ಬಹುದೂರ ಕಾರು ನಡೆಸಬೇಕಾಗಿತ್ತಂತೆ. ಈಗ ಮನೆಯಿಂದ ಹತ್ತು ನಿಮಿಷದ ಹಾದಿಯಲ್ಲಿಯೇ ದೊಡ್ಡ ಆಸ್ಪತ್ರೆ, ರಸ್ತೆಯ ತಿರುವಿಗೊಂದು ಚಿಕಿತ್ಸಾಲಯ. ಇದು ಸಂತೋಷ. ವೈದ್ಯರೆಲ್ಲ ಇಷ್ಟು ಹತ್ತಿರ ಬಂದಿರುವಾಗ ಹೆಚ್ಚು ಕಂತು ಕಟ್ಟಿ ದೊಡ್ಡ ವಿಮೆ ಏಕೆ ಬೇಕು, ಕಂತೇ ಇಲ್ಲವೆಂದು ಜಾಹೀರಾತು ಕೊಡುವ ಯೋಜನೆಗೆ ಸೇರಿದರೆ ಸಾಲದೆ? ಇದು ಸಂದೇಹ.

ಈ ಪ್ರಶ್ನೆ ಅವರೊಬ್ಬರದಲ್ಲ. ಇಂದು ನಮ್ಮ ಅನೇಕ ಕುಟುಂಬಗಳಲ್ಲಿ ಒಬ್ಬರಾದರೂ ಆ ದೇಶದಲ್ಲಿದ್ದಾರೆ. ಆದುದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿ ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಒಂದೇ ವರ್ಷ ತೆರೆದ ಎರಡು ಬಾಗಿಲುಗಳು

1965ನೆಯ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣದಲ್ಲಿ ಮೆಡಿಕೇರ್ ಕಾಯಿದೆಗೆ ಸಹಿ ಹಾಕಿ, ಅದರ ಮೊದಲನೆಯ ಕಾರ್ಡನ್ನು ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರಿಗೆ ಕೊಟ್ಟರು. ಅರವತ್ತೈದು ತುಂಬಿದವರ ಚಿಕಿತ್ಸೆಯ ಭಾರವನ್ನು ಸರಕಾರವು ಹೊರುವ ಈ ವ್ಯವಸ್ಥೆ 1966ರ ಜುಲೈ 1ರಿಂದ ಜಾರಿಗೆ ಬಂದಿತು. ಅದೇ 1965ರ ಅಕ್ಟೋಬರ್‌ನಲ್ಲಿ ಸಹಿಯಾದ ವಲಸೆ ಕಾಯಿದೆಯು ಭಾರತೀಯರಿಗೂ ಆ ದೇಶದ ಬಾಗಿಲನ್ನು ತೆರೆಯಿತು. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಗಳ ವೈದ್ಯಕೀಯ ಕಾಲೇಜುಗಳಲ್ಲಿ ಕಲಿತು ಅಲ್ಲಿಗೆ ತೆರಳಿದ ತರುಣರು ಅಲ್ಲಿನ ವೃದ್ಧರಿಗೆ ಮೆಡಿಕೇರ್‌ನ ಅಡಿಯಲ್ಲಿ ಚಿಕಿತ್ಸೆ ಮಾಡಿದರು. ಇಂದು ಆ ವೈದ್ಯರೇ ಎಪ್ಪತ್ತು ಎಂಬತ್ತರ ವಯಸ್ಸಿನವರಾಗಿ, ಅದೇ ಕಾರ್ಡನ್ನು ತಮ್ಮ ಜೇಬಿನಲ್ಲಿಟ್ಟುಕೊಂಡಿದ್ದಾರೆ.

ಮೆಡಿಕೇರ್ ನಾಲ್ಕು ಭಾಗಗಳುಳ್ಳದ್ದು. ‘ಎ’ ಭಾಗವು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇರುವ ಖರ್ಚಿಗೆ. ‘ಬಿ’ ಭಾಗವು ವೈದ್ಯರ ಶುಲ್ಕ, ಪರೀಕ್ಷೆ ಹಾಗೂ ಹೊರರೋಗಿ ಚಿಕಿತ್ಸೆಗೆ. ‘ಡಿ’ ಭಾಗವು ಔಷಧಿಗಳಿಗೆ. ‘ಸಿ’ ಭಾಗಕ್ಕೆ ಮೆಡಿಕೇರ್ ಅಡ್ವಾಂಟೇಜ್ ಎಂದು ಹೆಸರು. ಇದನ್ನು ನಡೆಸುವವರು ಸರಕಾರದಿಂದ ಹಣ ಪಡೆಯುವ ಖಾಸಗಿ ವಿಮಾ ಕಂಪನಿಗಳು. ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೂ ಅವರ ಪತಿ ಅಥವಾ ಪತ್ನಿಗೂ ‘ಎ’ ಭಾಗಕ್ಕೆ ಕಂತಿಲ್ಲ. ‘ಬಿ’ ಭಾಗದ ಸಾಮಾನ್ಯ ಕಂತು 2026ರಲ್ಲಿ ತಿಂಗಳಿಗೆ 202.90 ಡಾಲರ್.

ಎರಡು ಹಾದಿಗಳು

ಹಿರಿಯರ ಮುಂದಿರುವ ಹಾದಿಗಳು ಮುಖ್ಯವಾಗಿ ಎರಡು. ಮೊದಲನೆಯದು ಮೂಲ ಮೆಡಿಕೇರ್. ಇದನ್ನು ಒಪ್ಪುವ ಯಾವುದೇ ವೈದ್ಯರ ಬಳಿಗೆ, ದೇಶದ ಯಾವ ರಾಜ್ಯದಲ್ಲಾದರೂ ಹೋಗಬಹುದು. ಆದರೆ ‘ಬಿ’ ಭಾಗದ ವೆಚ್ಚದಲ್ಲಿ, ವರ್ಷದ ಆರಂಭದ ಕಡಿತವನ್ನು ಕಳೆದ ಮೇಲೆ, ನೂರಕ್ಕೆ ಇಪ್ಪತ್ತರಷ್ಟನ್ನು ರೋಗಿಯೇ ಕೊಡಬೇಕು, ಅದಕ್ಕೆ ಮೇಲ್ಮಿತಿಯಿಲ್ಲ. ಈ ಕೊರತೆಯನ್ನು ತುಂಬಲೆಂದೇ ಮೆಡಿಗ್ಯಾಪ್ ಎಂಬ ಪೂರಕ ವಿಮೆಯುಂಟು. ಅದಕ್ಕೆ ಪ್ರತ್ಯೇಕ ಕಂತು.

ಎರಡನೆಯದು ಅಡ್ವಾಂಟೇಜ್ ಯೋಜನೆ. ಅನೇಕ ಯೋಜನೆಗಳಿಗೆ ಬೇರೆ ಕಂತಿಲ್ಲ. ‘ಬಿ’ ಭಾಗದ ಕಂತನ್ನು ಮಾತ್ರ ಕಟ್ಟುತ್ತಿರಬೇಕು. ಔಷಧಿಯ ವಿಮೆ ಹೆಚ್ಚಾಗಿ ಸೇರಿಯೇ ಇರುತ್ತದೆ. ಹಲ್ಲು, ಕಣ್ಣು, ಕಿವಿಗಳಿಗೂ ಅಷ್ಟಿಷ್ಟು ಸೌಲಭ್ಯವಿರುತ್ತದೆ. ರೋಗಿಯ ಕೈಯಿಂದ ಹೋಗುವ ಹಣಕ್ಕೆ ವರ್ಷದ ಮಿತಿಯೂ ಇದೆ. ಯೋಜನೆಯ ಜಾಲದೊಳಗಿನ ಚಿಕಿತ್ಸೆಗೆ 2026ರಲ್ಲಿ ಅದು 9,250 ಡಾಲರನ್ನು ಮೀರುವಂತಿಲ್ಲ. ಆದರೆ ವೈದ್ಯರೂ ಆಸ್ಪತ್ರೆಯೂ ಕಂಪನಿಯ ಜಾಲಕ್ಕೆ ಸೇರಿದವರಾಗಿರಬೇಕು, ದೊಡ್ಡ ಚಿಕಿತ್ಸೆಗಳಿಗೆ ಕಂಪನಿಯ ಪೂರ್ವಾನುಮತಿ ಬೇಕು. ನಮ್ಮಲ್ಲಿ ಯಶಸ್ವಿನಿ ಕಾರ್ಡು ಹಿಡಿದು ಚಿಕಿತ್ಸೆಗೆ ಹೋದ ರೈತಬಾಂಧವರಿಗೆ ‘ನೆಟ್‌ವರ್ಕ್ ಆಸ್ಪತ್ರೆ’ ಎಂಬ ಮಾತು ಹೊಸದೇನಲ್ಲ. ಆಸ್ಪತ್ರೆ ಊರಲ್ಲಿದ್ದರೆ ಸಾಲದು, ಪಟ್ಟಿಯಲ್ಲಿರಬೇಕು. ಅಡ್ವಾಂಟೇಜ್ ಯೋಜನೆಯ ಮರ್ಮವೂ ಇದೇ.

ಆರೋಗ್ಯನೀತಿಯನ್ನು ಅಧ್ಯಯನ ಮಾಡುವ ಕೆ.ಎಫ್.ಎಫ್. ಸಂಸ್ಥೆಯ ಲೆಕ್ಕದಂತೆ 2025ರಲ್ಲಿ ಅರ್ಹರಾದವರಲ್ಲಿ ನೂರಕ್ಕೆ 54 ಮಂದಿ ಅಡ್ವಾಂಟೇಜ್ ಹಾದಿಯಲ್ಲಿದ್ದರು.

ಊರು ಬೆಳೆದಂತೆ ಆಯ್ಕೆಯೂ ಬೆಳೆಯುತ್ತದೆ

ಅಡ್ವಾಂಟೇಜ್ ಯೋಜನೆಗಳನ್ನು ಸಾಮಾನ್ಯವಾಗಿ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗವನ್ನು ನೋಡಿ ಮಾರುತ್ತಾರೆ. ಒಂದು ಕೌಂಟಿಯಲ್ಲಿ ಯೋಜನೆ ನಡೆಸಬೇಕಾದರೆ, ಅಲ್ಲಿನ ಹಿರಿಯರಿಗೆ ಇಂತಿಷ್ಟು ದೂರದೊಳಗೆ, ಇಂತಿಷ್ಟು ಸಮಯದೊಳಗೆ ವೈದ್ಯರೂ ಆಸ್ಪತ್ರೆಯೂ ಸಿಗುವಂತೆ ಕಂಪನಿಯು ಜಾಲವನ್ನು ಕಟ್ಟಿರಬೇಕೆಂದು ಸರಕಾರದ ನಿಯಮವಿದೆ. ವೈದ್ಯರು ಹೆಚ್ಚಿದ್ದಲ್ಲಿ ಜಾಲ ಕಟ್ಟುವುದು ಸುಲಭ. ಒಬ್ಬ ವೈದ್ಯರು ಒಪ್ಪದಿದ್ದರೆ ಇನ್ನೊಬ್ಬರು ಒಪ್ಪುತ್ತಾರೆ. ಆದುದರಿಂದಲೇ ಆಸ್ಪತ್ರೆಗಳು ಬೆಳೆದ ನಗರಗಳ ಸುತ್ತ ಯೋಜನೆಗಳೂ ಹೆಚ್ಚು, ಅವುಗಳೊಳಗಿನ ಪೈಪೋಟಿಯೂ ಹೆಚ್ಚು. ಅದೇ ಸಂಸ್ಥೆಯ ಲೆಕ್ಕದಂತೆ 2025ರಲ್ಲಿ ಒಬ್ಬ ಫಲಾನುಭವಿಯ ಮುಂದೆ ಔಷಧಿ ವಿಮೆಯೂ ಸೇರಿದ ಅಡ್ವಾಂಟೇಜ್ ಯೋಜನೆಗಳು ಸರಾಸರಿ 34 ಇದ್ದವು. ಹಳ್ಳಿಗಾಡಿನ ಕೌಂಟಿಗಳಲ್ಲಿ ಈ ಸಂಖ್ಯೆ ಕಡಿಮೆ. ಇರುವ ಒಂದೇ ಆಸ್ಪತ್ರೆಯು ಕಂಪನಿಯನ್ನು ಬಿಟ್ಟಿತೆಂದರೆ ಹಿರಿಯರಿಗೆ ಹತ್ತಿರದಲ್ಲಿ ಬೇರೆ ಗತಿಯಿಲ್ಲ.

ನಮ್ಮ ವಾಚಕರಿರುವ ಪ್ರದೇಶವು ಮೊದಲನೆಯ ಬಗೆಯದು. ಅಲ್ಲಿನ ಫ್ರಿಸ್ಕೊ ಪಟ್ಟಣದಲ್ಲಿ ಟೆಕ್ಸಾಸ್ ಹೆಲ್ತ್ ಹಾಗೂ ಯುಟಿ ಸೌತ್‌ವೆಸ್ಟರ್ನ್ ಸಂಸ್ಥೆಗಳು ಕೂಡಿ 2019ರಲ್ಲಿ ಹೊಸ ಆಸ್ಪತ್ರೆಯನ್ನು ತೆರೆದವು. ಆಸ್ಪತ್ರೆಯ ಜೊತೆಗೆ ತಜ್ಞರು, ತಜ್ಞರ ಜೊತೆಗೆ ಪರೀಕ್ಷಾಲಯಗಳು ಬರುತ್ತವೆ. ಒಂದು ಕಾಲಕ್ಕೆ ದಿನಗಟ್ಟಲೆ ಆಸ್ಪತ್ರೆವಾಸ ಬೇಡುತ್ತಿದ್ದ ಮೊಣಕಾಲು ಕೀಲಿನ ಬದಲಾವಣೆಯನ್ನು ಹಗಲು ಶಸ್ತ್ರಚಿಕಿತ್ಸಾ ಕೇಂದ್ರಗಳಲ್ಲಿ ಮಾಡಿಸಲು 2020ರಿಂದ ಮೆಡಿಕೇರ್ ಸಮ್ಮತಿಸಿದೆ. ಇವೆಲ್ಲ ಹಿರಿಯರಿಗೆ ನಿಜವಾದ ಅನುಕೂಲಗಳೇ. ಹೀಗೆ ಹತ್ತಿರದಲ್ಲಿ ಎಲ್ಲವೂ ಸಿಗುವಾಗ ಜಾಲದ ಕಟ್ಟುಪಾಡು ಅಷ್ಟೊಂದು ಬಾಧಿಸದು ಎಂದು ನಮ್ಮ ವಾಚಕರು ಯೋಚಿಸಿದ್ದರಲ್ಲಿ ಅರ್ಥವಿದೆ.

ಹತ್ತಿರವಿದ್ದ ಮಾತ್ರಕ್ಕೆ ನಮ್ಮದಾಗದು

ಆದರೆ ಎಚ್ಚರ ಬೇಕಾದುದು ಇಲ್ಲಿಯೇ. ಆಸ್ಪತ್ರೆಯ ಕಟ್ಟಡ ಸ್ಥಿರ. ಆಸ್ಪತ್ರೆಗೂ ವಿಮಾ ಕಂಪನಿಗೂ ಇರುವ ಒಪ್ಪಂದ ಸ್ಥಿರವಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ವೈದ್ಯರಿಗೆ ಬರವಿರುವ ಊರಲ್ಲ. ಆದರೂ ಅಲ್ಲಿನ ಪ್ರಸಿದ್ಧ ಸ್ಕ್ರಿಪ್ಸ್ ಸಂಸ್ಥೆಗೆ ಸೇರಿದ ಎರಡು ವೈದ್ಯಸಮೂಹಗಳು 2024ರ ಜನವರಿಯಿಂದ ಅಡ್ವಾಂಟೇಜ್ ಯೋಜನೆಗಳ ಒಪ್ಪಂದಗಳಿಂದ ಹೊರಬಂದವು. ಸುಮಾರು 30,000 ಹಿರಿಯರು ಒಂದೋ ವೈದ್ಯರನ್ನು, ಇಲ್ಲವೇ ವಿಮೆಯನ್ನು ಬದಲಿಸಬೇಕಾಯಿತು. ಕಟ್ಟಡ ಇದ್ದಲ್ಲಿಯೇ ಇತ್ತು, ವೈದ್ಯರೂ ಇದ್ದರು. ಹಿರಿಯರ ಪಾಲಿಗೆ ಮಾತ್ರ ದೂರವಾದರು.

ಟೆಕ್ಸಾಸಿನಲ್ಲಿ ಇನ್ನೊಂದು ವಿಶೇಷವಿದೆ. ಯಾವ ಆಸ್ಪತ್ರೆಗೂ ಸೇರದ ಸ್ವತಂತ್ರ ತುರ್ತುಚಿಕಿತ್ಸಾ ಕೇಂದ್ರಗಳಿಗೆ ಆ ರಾಜ್ಯವು 2009ರ ಕಾಯಿದೆಯಿಂದ ಅನುಮತಿ ಕೊಟ್ಟಿತು. ದೊಡ್ಡ ರಸ್ತೆಗಳ ಬದಿಯಲ್ಲಿ ಅವುಗಳ ಕೆಂಪು ಫಲಕಗಳು ಬೆಳಗುತ್ತಿರುತ್ತವೆ. ಇಂಥ ಸ್ವತಂತ್ರ ಕೇಂದ್ರಗಳಿಗೆ ಮೆಡಿಕೇರ್‌ನ ಮಾನ್ಯತೆಯಿಲ್ಲ. ಕೋವಿಡ್ ಕಾಲದಲ್ಲಿ, ಅಂದರೆ 2020ರಲ್ಲಿ, ಕೊಟ್ಟ ತಾತ್ಕಾಲಿಕ ಸಮ್ಮತಿಯು 2023ರ ಮೇ ತಿಂಗಳಲ್ಲಿ ಮುಗಿಯಿತು. ಆಸ್ಪತ್ರೆಯೇ ನಡೆಸುವ ಕೇಂದ್ರದ ಮಾತು ಬೇರೆ. ಫಲಕ ಮಾತ್ರ ಎರಡಕ್ಕೂ ಒಂದೇ ತೆರನಾಗಿ ಕಾಣುತ್ತದೆ. ನಡುರಾತ್ರಿಯಲ್ಲಿ ಎದೆನೋವು ಬಂದಾಗ ಇದನ್ನು ವಿಚಾರಿಸುತ್ತ ಕೂರಲಾಗದು. ಮನೆಯವರು ಮೊದಲೇ ತಿಳಿದಿರಬೇಕು. ನಿಜವಾದ ತುರ್ತು ಸ್ಥಿತಿಯಲ್ಲಿ ಜಾಲದ ಹೊರಗಿನ ಆಸ್ಪತ್ರೆಯಾದರೂ ಅಡ್ವಾಂಟೇಜ್ ಯೋಜನೆಯು ವೆಚ್ಚವನ್ನು ಭರಿಸಲೇಬೇಕೆಂಬ ನಿಯಮ ಇಲ್ಲಿ ಸಮಾಧಾನಕರ.

ಒಮ್ಮೆ ಮಾತ್ರ ತೆರೆಯುವ ಕಿಟಕಿ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಅರವತ್ತೈದು ತುಂಬಿ ‘ಬಿ’ ಭಾಗಕ್ಕೆ ಸೇರಿದ ತಿಂಗಳಿಂದ ಆರು ತಿಂಗಳವರೆಗೆ ಮೆಡಿಗ್ಯಾಪ್ ಕೊಳ್ಳಲು ಯಾವ ಕಂಪನಿಯೂ ಇಲ್ಲವೆನ್ನುವಂತಿಲ್ಲ. ಸಕ್ಕರೆ ಕಾಯಿಲೆಯಿರಲಿ, ಹೃದ್ರೋಗವಿರಲಿ, ಅದರ ಕಾರಣದಿಂದ ಕಂತನ್ನು ಹೆಚ್ಚಿಸುವಂತೆಯೂ ಇಲ್ಲ. ಆ ಅವಧಿ ಕಳೆದ ಮೇಲೆ ಬಹುಪಾಲು ರಾಜ್ಯಗಳಲ್ಲಿ ಕಂಪನಿಯು ಆರೋಗ್ಯವನ್ನು ವಿಚಾರಿಸಿ ನಿರಾಕರಿಸಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ಈ ನಾಲ್ಕು ರಾಜ್ಯಗಳಲ್ಲಿ ಮಾತ್ರ ಹೆಚ್ಚಿನ ರಕ್ಷಣೆಯಿದೆ. ಟೆಕ್ಸಾಸ್ ಅವುಗಳಲ್ಲಿ ಸೇರಿಲ್ಲ.

ಅಡ್ವಾಂಟೇಜ್ ಯೋಜನೆಗೆ ಮೊದಲ ಬಾರಿ ಸೇರಿದವರಿಗೆ ಹನ್ನೆರಡು ತಿಂಗಳೊಳಗೆ ಹಿಂತಿರುಗುವ ಹಕ್ಕುಂಟು. ಯೋಜನೆಯೇ ಆ ಪ್ರದೇಶದಿಂದ ನಿಂತುಹೋದರೆ, ಅಥವಾ ನಾವೇ ಅದರ ಪ್ರದೇಶ ಬಿಟ್ಟು ಬೇರೆಡೆಗೆ ಹೋಗಿ ನೆಲೆಸಿದರೆ, ಮತ್ತೆ ಅವಕಾಶ ಸಿಗುತ್ತದೆ. ಆದರೆ ನಮ್ಮ ಆಸ್ಪತ್ರೆಯು ಜಾಲದಿಂದ ಹೊರಬಿದ್ದುದು ಸಾಮಾನ್ಯವಾಗಿ ಇಂಥ ಕಾರಣವೆನಿಸುವುದಿಲ್ಲ. ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಯೋಜನೆ ಬದಲಿಸಬಹುದೆಂಬುದು ನಿಜ. ಮೂಲ ಮೆಡಿಕೇರ್‌ಗೆ ಮರಳಲೂಬಹುದು. ಆದರೆ ಆಗ ಮೆಡಿಗ್ಯಾಪ್ ಸಿಕ್ಕೇ ಸಿಗುವುದೆಂಬ ಭರವಸೆಯಿಲ್ಲ. ಅದಿಲ್ಲದೆ ಮರಳಿದವನು ಮಿತಿಯಿಲ್ಲದ ಇಪ್ಪತ್ತು ಪ್ರತಿಶತವನ್ನು ತಾನೇ ಹೊರಬೇಕು. ಆರೋಗ್ಯವಿದ್ದಾಗ ಉಳಿಸಿದ ಕಂತಿನ ಬೆಲೆ ರೋಗ ಬಂದಾಗ ತಿಳಿಯುತ್ತದೆ.

ತಂದೆತಾಯಿಗಳನ್ನು ಕರೆಸಿಕೊಂಡವರಿಗೆ

ಮಕ್ಕಳು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡ ತಂದೆತಾಯಿಗಳ ಲೆಕ್ಕ ಬೇರೆ. ಅವರು ಅಲ್ಲಿ ದುಡಿದವರಲ್ಲ. ಮಕ್ಕಳ ದುಡಿಮೆ ಸಾಮಾನ್ಯವಾಗಿ ಅವರ ಲೆಕ್ಕಕ್ಕೆ ಬರುವುದಿಲ್ಲ. ಅರವತ್ತೈದು ತುಂಬಿ, ಖಾಯಂ ನಿವಾಸಿಗಳಾಗಿ ಸತತ ಐದು ವರ್ಷ ಅಲ್ಲಿದ್ದ ಮೇಲೆ ಮೆಡಿಕೇರನ್ನು ಕಂತು ಕಟ್ಟಿ ಕೊಳ್ಳಬಹುದು. 2026ರಲ್ಲಿ ‘ಎ’ ಭಾಗದ ಪೂರ್ಣ ಕಂತು 565 ಡಾಲರ್; ‘ಬಿ’ ಭಾಗ ಸೇರಿದರೆ ಒಬ್ಬರಿಗೆ ತಿಂಗಳಿಗೆ 767.90 ಡಾಲರ್. ಇಷ್ಟು ಕೊಡುವ ಕುಟುಂಬವು ಮುಂದಿನ ಹೆಜ್ಜೆಯಲ್ಲಿ ಕಂತಿಲ್ಲದ ಯೋಜನೆಯತ್ತ ಒಲಿಯುವುದು ಸಹಜ. ಐದು ವರ್ಷ ತುಂಬುವ ತಿಂಗಳನ್ನು ಗುರುತಿಟ್ಟುಕೊಂಡು, ಅದಕ್ಕೂ ಮೊದಲೇ ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ತಡಮಾಡಿದವರಿಗೆ ‘ಬಿ’ ಭಾಗದ ಕಂತಿನ ಮೇಲೆ, ಕಳೆದ ಪ್ರತಿ ಪೂರ್ಣ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ದಂಡ ಬೀಳುತ್ತದೆ.

ನಮ್ಮ ಹಿರಿಯರ ಇನ್ನೊಂದು ಪರಿಪಾಠವನ್ನೂ ಗಮನಿಸಬೇಕು. ಕೆಲವು ತಿಂಗಳು ಮಗನಲ್ಲಿ, ಕೆಲವು ತಿಂಗಳು ಬೇರೆ ರಾಜ್ಯದಲ್ಲಿರುವ ಮಗಳಲ್ಲಿ, ಚಳಿಗಾಲ ಬಂದರೆ ಧಾರವಾಡದಲ್ಲೋ ತುಮಕೂರಿನಲ್ಲೋ. ಮಗನ ಊರಿನ ಜಾಲವು ಮಗಳ ಊರಿನಲ್ಲಿ ಹೆಚ್ಚಾಗಿ ಕೆಲಸಕ್ಕೆ ಬಾರದು. ಮೂಲ ಮೆಡಿಕೇರ್ ಎರಡೂ ಕಡೆ ನಡೆಯುತ್ತದೆ. ಭಾರತದಲ್ಲಿ ಮಾಡಿಸಿದ ಚಿಕಿತ್ಸೆಗೆ ಮೆಡಿಕೇರ್ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕೆಲವು ಮೆಡಿಗ್ಯಾಪ್ ವಿಮೆಗಳು ಮಾತ್ರ ಪ್ರವಾಸದ ಮೊದಲ 60 ದಿನಗಳೊಳಗೆ ಬಂದ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದು ನೂರಕ್ಕೆ 80ರಂತೆ, ಜೀವಮಾನಕ್ಕೆ 50,000 ಡಾಲರ್‌ವರೆಗೆ ಕೊಡುತ್ತವೆ.

ಕೂಡಿ ಕುಳಿತು ನಿರ್ಧರಿಸಿ

ಹಾಗಾದರೆ ಅಡ್ವಾಂಟೇಜ್ ಬೇಡವೆಂದು ನಾವು ಹೇಳುತ್ತಿಲ್ಲ. ಒಂದೇ ಊರಿನಲ್ಲಿ ನೆಲೆಯಾಗಿರುವವರಿಗೆ, ಸುತ್ತಲೂ ಹಲವು ಆಸ್ಪತ್ರೆಗಳಿದ್ದು ಅವುಗಳಲ್ಲಿ ಎರಡು ಮೂರಾದರೂ ಜಾಲದಲ್ಲಿರುವವರಿಗೆ, ಪೂರಕ ವಿಮೆಯ ಕಂತು ನಿಜವಾಗಿಯೂ ಭಾರವಾಗುವವರಿಗೆ ಅದು ಒಳ್ಳೆಯ ಹಾದಿಯೇ. ದೀರ್ಘರೋಗವಿರುವವರು, ಊರಿಂದೂರಿಗೆ ಓಡಾಡುವವರು, ಒಂದೇ ಆಸ್ಪತ್ರೆಯನ್ನು ನೆಚ್ಚಿಕೊಂಡವರು ಮೆಡಿಗ್ಯಾಪ್ ಕಿಟಕಿ ಮುಚ್ಚುವ ಮುನ್ನ ಎರಡು ಬಾರಿ ಯೋಚಿಸಬೇಕು.

ಯಾವುದೇ ಆಗಲಿ, ಸಹಿ ಹಾಕುವ ಮೊದಲು ಒಂದು ಹಾಳೆಯಲ್ಲಿ ಹಿರಿಯರ ವೈದ್ಯರ ಹೆಸರು, ಆಸ್ಪತ್ರೆಯ ಹೆಸರು, ನಿತ್ಯ ಸೇವಿಸುವ ಮಾತ್ರೆಗಳ ಹೆಸರು ಬರೆಯಿರಿ. ಕಂಪನಿಯ ಪಟ್ಟಿಯಲ್ಲಿ ಹೆಸರಿದ್ದರೂ ವೈದ್ಯರ ಕಚೇರಿಗೆ ದೂರವಾಣಿ ಮಾಡಿ, ಬರುವ ವರ್ಷಕ್ಕೂ ಈ ಯೋಜನೆಯನ್ನು ಒಪ್ಪುವಿರಾ ಎಂದು ಯೋಜನೆಯ ಪೂರ್ಣ ಹೆಸರು ಹೇಳಿ ಕೇಳಿರಿ. ವಿಮೆ ಮಾರುವವರ ಮಾತನ್ನಷ್ಟೇ ನಂಬಬೇಕಾಗಿಲ್ಲ. ಪ್ರತಿ ರಾಜ್ಯದಲ್ಲಿಯೂ ಸರಕಾರದ ನೆರವಿನಿಂದ ನಡೆಯುವ ‘ಶಿಪ್’ ಎಂಬ ಉಚಿತ ಸಲಹಾ ವ್ಯವಸ್ಥೆಯಿದೆ. ಇಂಗ್ಲಿಷಿನ ಈ ಕಾಗದಗಳು ಅನೇಕ ಹಿರಿಯರಿಗೆ ಕಗ್ಗಂಟು. ಮಕ್ಕಳೂ ಸೊಸೆಯಂದಿರೂ ಒಂದು ಸಂಜೆ ಬಿಡುವು ಮಾಡಿಕೊಂಡು, ಅವರ ಪಕ್ಕದಲ್ಲಿ ಕುಳಿತು, ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಅವರ ಅಭಿಪ್ರಾಯವನ್ನೂ ಕೇಳಬೇಕು.

ನಮಗೆ ಪತ್ರ ಬರೆದ ಹಿರಿಯರಿಗೆ ‘ಬಿ’ ಭಾಗ ಬಂದು ನಾಲ್ಕು ತಿಂಗಳಾಗಿದೆ. ಅಂದರೆ ಅವರ ಕೈಯಲ್ಲಿ ಇನ್ನೆರಡು ತಿಂಗಳಿವೆ. ಹತ್ತು ನಿಮಿಷದ ಹಾದಿಯ ಆ ಆಸ್ಪತ್ರೆಗೆ ಒಮ್ಮೆ ಮಗನೊಡನೆ ಹೋಗಿ, ಚಿಕಿತ್ಸೆಗಾಗಿ ಅಲ್ಲ, ತಮ್ಮ ಕಾರ್ಡು ಅಲ್ಲಿ ನಡೆಯುವುದೋ ಎಂದು ಕೇಳಿ ಬರಲೆಂದು ನಾವು ಅವರಿಗೆ ಉತ್ತರ ಬರೆದಿದ್ದೇವೆ.