ಎಳೆಯ ನಾಯಿಮರಿಗಳ ಅತಿಸಾರ

ಎಳೆಯ ನಾಯಿಮರಿಗಳ ಅತಿಸಾರ ಎಂದರೆ ಹುಟ್ಟಿದಂದಿನಿಂದ ಸುಮಾರು ಎಂಟು ವಾರಗಳವರೆಗಿನ ನಾಯಿಮರಿಗಳಲ್ಲಿ ಮಲವು ತೆಳುವಾಗಿ ಪದೇ ಪದೇ ಹೋಗುವ ಸ್ಥಿತಿ. ಇದನ್ನು ಆಡುಮಾತಿನಲ್ಲಿ ಭೇದಿ ಎನ್ನುತ್ತಾರೆ. ವಾಂತಿ, ಹೊಟ್ಟೆಯುಬ್ಬರ, ಹಾಲು ಕುಡಿಯದಿರುವುದು ಮತ್ತು ನಿತ್ರಾಣ ಇದರ ಜೊತೆಗೆ ಕಂಡುಬರಬಹುದು. ಅತಿಸಾರವು ತಾನೇ ಒಂದು ರೋಗವಲ್ಲ. ತಪ್ಪಾದ ಹಾಲು, ಹೊಟ್ಟೆಹುಳು, ಏಕಕೋಶ ಪರಾವಲಂಬಿಗಳು, ಬ್ಯಾಕ್ಟೀರಿಯಾ ಅಥವಾ ವೈರಸ್‌ಗಳಿಂದ ಉಂಟಾಗುವ ಲಕ್ಷಣವಾಗಿದೆ. ಬೆಳೆದ ನಾಯಿ ಒಂದೆರಡು ದಿನ ತಾಳಿಕೊಳ್ಳುವ ಭೇದಿ ಎಳೆಯ ಮರಿಯನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ಅನೇಕ ಮರಿಗಳಲ್ಲಿ ಸಾವು ಮೂಲ ರೋಗಕ್ಕಿಂತ ಮುಂಚೆ ನೀರಿನ ನಷ್ಟ, ಶಾಖದ ನಷ್ಟ ಮತ್ತು ರಕ್ತದ ಸಕ್ಕರೆಯ ಕುಸಿತದಿಂದ ಬರುತ್ತದೆ. ಆದ್ದರಿಂದ ಮರಿಯನ್ನು ಮೊದಲು ಬೆಚ್ಚಗಾಗಿಸಿ, ನಂತರ ದ್ರವ ಕೊಟ್ಟು, ಆಮೇಲೆ ಆಹಾರ ಕೊಡುವುದು ಆರೈಕೆಯ ಸರಿಯಾದ ಕ್ರಮ.

ಉತ್ತರ ಕನ್ನಡ ಜಿಲ್ಲೆಯ ಕರಾವಳಿ ಪಟ್ಟಣಗಳಾದ ಕಾರವಾರ ಮತ್ತು ಅಂಕೋಲಾದಲ್ಲಿ ದೀರ್ಘ ಮಳೆಗಾಲ, ತೇವದ ಮರಳುಮಿಶ್ರಿತ ಮಣ್ಣು ಹಾಗೂ ಮೀನು-ಅನ್ನ ಆಧಾರಿತ ಮನೆಯೂಟ ಈ ಸಮಸ್ಯೆಯ ಕಾರಣಗಳ ಮೇಲೂ ಆರೈಕೆಯ ಮೇಲೂ ಪ್ರಭಾವ ಬೀರುತ್ತವೆ.

ಎಳೆಯ ಮರಿಯ ದೇಹಸ್ಥಿತಿ

ನಾಯಿಮರಿಗಳು ಕಣ್ಣು ಮತ್ತು ಕಿವಿ ಮುಚ್ಚಿದ ಸ್ಥಿತಿಯಲ್ಲಿ ಹುಟ್ಟುತ್ತವೆ. ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಕಣ್ಣು ತೆರೆಯುತ್ತವೆ. ಮೊದಲ ವಾರಗಳಲ್ಲಿ ಅವುಗಳಿಗೆ ನಡುಗಿ ಶಾಖ ಉತ್ಪಾದಿಸುವ ಸಾಮರ್ಥ್ಯವಿರುವುದಿಲ್ಲ. ಅವು ತಾಯಿಯ ಮೈಶಾಖವನ್ನೂ ಒಡಹುಟ್ಟಿದ ಮರಿಗಳ ಗುಂಪನ್ನೂ ಅವಲಂಬಿಸಿರುತ್ತವೆ. ಬೆಳೆದ ನಾಯಿಯ ಸಹಜ ತಾಪಮಾನ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇದ್ದರೆ, ಮೊದಲ ವಾರದ ಮರಿಯದು ಸುಮಾರು 35ರಿಂದ 37 ಡಿಗ್ರಿಯಷ್ಟೇ ಇರುತ್ತದೆ. ಇದು 34 ಡಿಗ್ರಿಗಿಂತ ಕೆಳಗಿಳಿದಾಗ ಕರುಳಿನ ಚಲನೆ ಬಹುತೇಕ ನಿಲ್ಲುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಜೀರ್ಣವಾಗದೆ ಉಳಿದು ಹುಳಿಯುತ್ತದೆ, ಅಥವಾ ಹಿಂದಕ್ಕೆ ಬಂದು ಶ್ವಾಸಕೋಶವನ್ನು ಸೇರುತ್ತದೆ.

ನವಜಾತ ಮರಿಯ ದೇಹತೂಕದ ಸುಮಾರು ಶೇ. 80ರಷ್ಟು ನೀರು. ಮೂತ್ರಪಿಂಡಗಳು ಪೂರ್ಣವಾಗಿ ಬೆಳೆದಿರದ ಕಾರಣ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಯಕೃತ್ತಿನಲ್ಲಿ ಸಕ್ಕರೆಯ ಸಂಗ್ರಹವೂ ಅಲ್ಪ. ಹೀಗಾಗಿ ಎರಡು ಮೂರು ಬಾರಿ ಹಾಲು ತಪ್ಪಿದರೂ ಮರಿ ನಿಶ್ಶಕ್ತವಾಗುತ್ತದೆ. ಸುಮಾರು ಮೂರು ವಾರಗಳವರೆಗೆ ಮರಿಗಳು ತಾವಾಗಿಯೇ ಮಲಮೂತ್ರ ವಿಸರ್ಜಿಸಲಾರವು. ತಾಯಿ ನೆಕ್ಕಿ ಪ್ರಚೋದಿಸುತ್ತದೆ ಮತ್ತು ಮಲವನ್ನು ತಾನೇ ನೆಕ್ಕಿ ಶುಚಿಗೊಳಿಸುತ್ತದೆ. ಈ ಕಾರಣದಿಂದ ತಾಯಿಯ ಜೊತೆಗಿರುವ ಮರಿಯ ಭೇದಿ ಮನೆಯವರ ಗಮನಕ್ಕೆ ತಡವಾಗಿ ಬರುತ್ತದೆ.

ಕಾರಣಗಳು

ಹಾಲಿನ ವ್ಯತ್ಯಾಸ: ತಾಯಿಯಿಲ್ಲದ ಮರಿಗಳಲ್ಲಿ ಭೇದಿಗೆ ಅತ್ಯಂತ ಸಾಮಾನ್ಯ ಕಾರಣ ಹಸುವಿನ ಹಾಲು ಮತ್ತು ಅತಿಯಾಗಿ ಕುಡಿಸುವುದು. ನಾಯಿಯ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನ್ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಇದ್ದು, ಲ್ಯಾಕ್ಟೋಸ್ ಕಡಿಮೆ ಇರುತ್ತದೆ. ಹಸುವಿನ ಹಾಲಿನಿಂದ ಮರಿಗೆ ಬೇಕಾದ ಪೋಷಣೆ ಸಿಗುವುದಿಲ್ಲ. ಜೀರ್ಣವಾಗದ ಲ್ಯಾಕ್ಟೋಸ್ ಕರುಳಿಗೆ ನೀರನ್ನು ಸೆಳೆದು ಭೇದಿ ಉಂಟುಮಾಡುತ್ತದೆ. ಹಾಲಿಗೆ ನೀರು ಬೆರೆಸಿದರೆ ಪೋಷಣೆ ಇನ್ನೂ ಕುಗ್ಗುತ್ತದೆ.

ಹೊಟ್ಟೆಹುಳುಗಳು: ದುಂಡುಹುಳು (ಟಾಕ್ಸೊಕಾರಾ ಕ್ಯಾನಿಸ್) ಗರ್ಭದಲ್ಲಿರುವಾಗಲೇ ತಾಯಿಯಿಂದ ಮರಿಗೆ ದಾಟುತ್ತದೆ. ಕೊಕ್ಕೆಹುಳು (ಆಂಕೈಲೊಸ್ಟೊಮಾ ಕ್ಯಾನೈನಮ್) ಮುಖ್ಯವಾಗಿ ತಾಯಿಯ ಹಾಲಿನ ಮೂಲಕವೂ ಮಣ್ಣಿನಿಂದಲೂ ಬರುತ್ತದೆ. ದುಂಡುಹುಳುವಿದ್ದಾಗ ಮೈ ಬಡಕಲಾಗಿ ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿರುತ್ತದೆ. ಕೊಕ್ಕೆಹುಳು ಕರುಳಿನ ಗೋಡೆಯನ್ನು ಕಚ್ಚಿ ರಕ್ತ ಹೀರುವುದರಿಂದ ಮಲವು ಡಾಂಬರಿನಂತೆ ಕಪ್ಪಾಗಿ, ಒಸಡು ಬಿಳಿಚಿಕೊಳ್ಳುತ್ತದೆ. ಎರಡು ಮೂರು ವಾರದ ಮರಿಗಳು ಇದರ ರಕ್ತಹೀನತೆಯಿಂದಲೇ ಸಾಯಬಹುದು.

ಏಕಕೋಶ ಪರಾವಲಂಬಿಗಳು: ಕಾಕ್ಸಿಡಿಯಾ ಮತ್ತು ಜಿಯಾರ್ಡಿಯಾಗಳು ಕೊಳೆಯಾದ, ಒದ್ದೆಯಾದ ಜಾಗದಲ್ಲಿ ಹೆಚ್ಚಾಗಿ ಹರಡುತ್ತವೆ. ಇವು ಸಾಮಾನ್ಯ ಹೊಟ್ಟೆಹುಳು ಔಷಧಕ್ಕೆ ಬಗ್ಗುವುದಿಲ್ಲ ಎಂಬುದರಿಂದ ಮಲಪರೀಕ್ಷೆಗೆ ಮಹತ್ವವಿದೆ.

ಪಾರ್ವೊ ವೈರಸ್: ನಾಯಿಗಳ ಪಾರ್ವೊ ವೈರಸ್ 1978ರ ಹೊತ್ತಿಗೆ ಜಗತ್ತಿನ ಹಲವು ದೇಶಗಳಲ್ಲಿ ಹೊಸ ರೋಗವಾಗಿ ಕಾಣಿಸಿಕೊಂಡಿತು. 1980ರ ದಶಕದ ಆರಂಭದಲ್ಲಿ ಭಾರತದಲ್ಲಿಯೂ ವರದಿಯಾಯಿತು. ಇದು ಹೆಚ್ಚಾಗಿ ಆರು ವಾರ ದಾಟಿದ, ಲಸಿಕೆ ಪಡೆಯದ ಮರಿಗಳನ್ನು ಬಾಧಿಸುತ್ತದೆ. ವಾಂತಿ, ಜ್ವರ ಮತ್ತು ದುರ್ವಾಸನೆಯ ರಕ್ತಭೇದಿ ಇದರ ಮುಖ್ಯ ಲಕ್ಷಣಗಳು. ಚಿಕಿತ್ಸೆ ಇಲ್ಲದಿದ್ದರೆ ಬಹುಪಾಲು ಮರಿಗಳು ಸಾಯುತ್ತವೆ. ಸಕಾಲದಲ್ಲಿ ರಕ್ತನಾಳದ ಮೂಲಕ ದ್ರವ ಕೊಟ್ಟರೆ ಹೆಚ್ಚಿನವು ಬದುಕುತ್ತವೆ. ನಾಯಿಗಳ ಡಿಸ್ಟೆಂಪರ್ ರೋಗದಲ್ಲಿಯೂ ಭೇದಿ ಕಂಡುಬರುತ್ತದೆ.

ಅಪಾಯದ ಲಕ್ಷಣಗಳು

ಆರೋಗ್ಯವಂತ ಎಳೆಯ ಮರಿ ದಿನದ ಹೆಚ್ಚಿನ ಹೊತ್ತು ಮಲಗಿದ್ದು, ಎಚ್ಚರವಾದಾಗ ಗಟ್ಟಿಯಾಗಿ ಚೀಪುತ್ತದೆ. ಅದರ ಮಲ ಹಳದಿ ಛಾಯೆಯ ಮೆತ್ತನೆಯ ಮುದ್ದೆಯಂತಿರುತ್ತದೆ. ಮೂತ್ರಕ್ಕೆ ಬಣ್ಣವೇ ಇರುವುದಿಲ್ಲ ಎನ್ನಬಹುದು. ಪ್ರತಿದಿನ ಹುಟ್ಟುತೂಕದ ಶೇ. 5ರಿಂದ 10ರಷ್ಟು ತೂಕ ಏರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಟ್ಟರೆ, ಬೇರಾವುದೇ ಲಕ್ಷಣ ತೋರುವ ಮೊದಲೇ ತೊಂದರೆ ಗೊತ್ತಾಗುತ್ತದೆ.

ಮರಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು:
- ಮೈ, ಬಾಯಿಯ ಒಳಭಾಗ ಅಥವಾ ಪಾದಗಳು ತಣ್ಣಗಿರುವುದು
- ಒಸಡು ಒಣಗಿ ಅಂಟಂಟಾಗುವುದು ಅಥವಾ ಬಿಳಿಚಿಕೊಳ್ಳುವುದು
- ಮೂತ್ರ ಗಾಢ ಹಳದಿಯಾಗುವುದು
- ಎಡೆಬಿಡದ ಕ್ಷೀಣ ಅಳು, ಅಥವಾ ಅಳುವುದನ್ನೂ ನಿಲ್ಲಿಸಿ ಗುಂಪಿನಿಂದ ದೂರ ಬಿದ್ದಿರುವುದು
- ಮಲದಲ್ಲಿ ರಕ್ತ, ಅಥವಾ ಕಪ್ಪು ಮಲ
- ಭೇದಿಯ ಜೊತೆ ವಾಂತಿ
- ನಡುಕ, ಸೆಳವು ಅಥವಾ ತಲೆ ಎತ್ತಲಾಗದಿರುವುದು

ಬೆಳೆದ ನಾಯಿಯಲ್ಲಿ ಚರ್ಮವನ್ನು ಎತ್ತಿಬಿಟ್ಟು ನೀರಿನ ಕೊರತೆಯನ್ನು ಅಂದಾಜು ಮಾಡುವ ವಿಧಾನ ನವಜಾತ ಮರಿಗಳಲ್ಲಿ ವಿಶ್ವಾಸಾರ್ಹವಲ್ಲ. ಒಸಡು ಮತ್ತು ಮೂತ್ರದ ಬಣ್ಣವೇ ಉತ್ತಮ ಸೂಚಕಗಳು.

ಮನೆಯಲ್ಲಿ ಪ್ರಥಮ ಆರೈಕೆ

ಮನೆಯ ಆರೈಕೆ ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ. ಆಸ್ಪತ್ರೆ ತಲುಪುವವರೆಗೆ ಮರಿಯನ್ನು ಉಳಿಸಿಕೊಳ್ಳುವುದು ಅದರ ಉದ್ದೇಶ.

ಬೆಚ್ಚಗಾಗಿಸುವುದು: ತಣ್ಣಗಾದ ಮರಿಯನ್ನು ಒಮ್ಮೆಲೇ ಬಿಸಿಮಾಡದೆ, ಒಂದೆರಡು ಗಂಟೆಗಳ ಅವಧಿಯಲ್ಲಿ ನಿಧಾನವಾಗಿ ಬೆಚ್ಚಗಾಗಿಸಬೇಕು. ಮೈಗೆ ತಾಗಿಸಿ ಹಿಡಿದುಕೊಳ್ಳುವುದು, ಅಥವಾ ಉಗುರುಬೆಚ್ಚಗಿನ ನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡುವುದು ಸುರಕ್ಷಿತ. ಇನ್ನೊಂದು ಬದಿ ಖಾಲಿಯಿದ್ದರೆ ಸೆಕೆಯಾದಾಗ ಮರಿ ಸರಿದುಕೊಳ್ಳಬಹುದು. ಮೊದಲ ವಾರದಲ್ಲಿ ಮಲಗುವ ಜಾಗದ ತಾಪಮಾನ ಸುಮಾರು 29ರಿಂದ 32 ಡಿಗ್ರಿ ಇರಬೇಕು. ಮೈ ಬೆಚ್ಚಗಾಗುವವರೆಗೆ ಹಾಲು ಕುಡಿಸಬಾರದು.

ಸಕ್ಕರೆ ಮತ್ತು ದ್ರವ: ನಿತ್ರಾಣಗೊಂಡ ಮರಿಯ ಒಸಡಿಗೆ ಗ್ಲೂಕೋಸ್ ಕದಡಿದ ನೀರನ್ನು ಬೆರಳಿನಿಂದ ಸವರಬಹುದು. ಮೈ ಬೆಚ್ಚಗಿದ್ದು ಚೀಪುವ ಶಕ್ತಿಯಿರುವ ಮರಿಗೆ ಮಾತ್ರ ಓಆರ್‌ಎಸ್ ದ್ರಾವಣವನ್ನು ಹನಿಹನಿಯಾಗಿ ಕೊಡಬಹುದು. ಪೊಟ್ಟಣದ ಮೇಲೆ ಹೇಳಿದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಅದನ್ನು ಕರಗಿಸಿ, 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಬೇಕು. ವಾಂತಿ ಮಾಡುತ್ತಿರುವ ಅಥವಾ ಪ್ರಜ್ಞೆ ಮಂದವಾದ ಮರಿಯ ಬಾಯಿಗೆ ಏನನ್ನೂ ಸುರಿಯಬಾರದು. ಅದಕ್ಕೆ ಚರ್ಮದಡಿಯಲ್ಲಿ ಅಥವಾ ರಕ್ತನಾಳದ ಮೂಲಕ ದ್ರವ ಕೊಡುವುದು ವೈದ್ಯರ ಕೆಲಸ.

ಹಾಲು: ತಾಯಿಯಿದ್ದರೆ ಅದರ ಹಾಲೇ ಶ್ರೇಷ್ಠ, ಭೇದಿಯಾಯಿತೆಂದು ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ತಾಯಿ ಇಲ್ಲದಿದ್ದರೆ ನಾಯಿಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಬಳಸಬೇಕು. ನವಜಾತ ಮರಿಯ ಹೊಟ್ಟೆಯು ಒಂದು ಸಲಕ್ಕೆ ಪ್ರತಿ 100 ಗ್ರಾಂ ತೂಕಕ್ಕೆ ಸುಮಾರು 4 ಮಿಲಿಲೀಟರ್ ಹಿಡಿಯುತ್ತದೆ. ಆದ್ದರಿಂದ ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕೊಡಬೇಕು. ಅತಿಯಾಗಿ ಕುಡಿಸಿದ್ದರಿಂದ ಹಳದಿ ಭೇದಿಯಾಗಿದ್ದರೆ, ಪ್ರಮಾಣ ಇಳಿಸುವುದರಿಂದ ಅಥವಾ ವೈದ್ಯರ ಸಲಹೆಯಂತೆ ಒಂದು ದಿನ ಹಾಲನ್ನು ತೆಳುಗೊಳಿಸುವುದರಿಂದ ಅದು ಹತೋಟಿಗೆ ಬರುತ್ತದೆ. ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ, ತಲೆಯನ್ನು ಸ್ವಲ್ಪ ಎತ್ತಿ ಹಿಡಿದು ಕುಡಿಸಬೇಕು. ಮಗುವಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೃದುವಾಗಿ ಒರೆಸಿ ಮಲಮೂತ್ರ ಮಾಡಿಸಬೇಕು.

ಮಾಡಬಾರದ ಕೆಲಸಗಳು

ಬೆಳೆದ ನಾಯಿಗೆ ಹೇಳುವಂತೆ ಎಳೆಯ ಮರಿಯನ್ನು ಒಂದು ದಿನ ಉಪವಾಸ ಕೆಡವಬಾರದು. ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆಗಳು ಕರುಳಿನ ಚಲನೆಯನ್ನು ತಡೆದು ಸೋಂಕನ್ನು ಒಳಗೇ ಉಳಿಸಬಹುದು. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೇನ್ ನಾಯಿಗಳಿಗೆ ವಿಷಕಾರಿ. ಉಳಿದಿರುವ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಅಂದಾಜಿನಲ್ಲಿ ತುಂಡು ಮಾಡಿ ಕೊಡುವುದೂ ಅಪಾಯಕಾರಿ. ತೀರಾ ನಿತ್ರಾಣಗೊಂಡ ಮರಿಗೆ ಹೊಟ್ಟೆಹುಳುವಿನ ಔಷಧವನ್ನು ವೈದ್ಯರ ಪರೀಕ್ಷೆಯಿಲ್ಲದೆ ಕೊಡಬಾರದು.

ಕಾರವಾರ ಮತ್ತು ಅಂಕೋಲಾದ ಪರಿಸರ

ಕಾರವಾರದಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಕೊಕ್ಕೆಹುಳುವಿನ ಮರಿಗಳು ಬೆಳೆಯಲು ತೇವ, ನೆರಳು ಮತ್ತು ಮರಳುಮಣ್ಣು ಬೇಕು. ಕಡಲತೀರದ ತೆಂಗಿನ ತೋಟ ಮತ್ತು ಅಂಗಳಗಳಲ್ಲಿ ಈ ಮೂರೂ ಇರುತ್ತವೆ. ಹಿತ್ತಲಿನ ಕೊಟ್ಟಿಗೆ ಅಥವಾ ಕಟ್ಟಿಗೆಮನೆಯಲ್ಲಿ ಗೋಣಿಚೀಲದ ಮೇಲೆ ಮರಿಗಳನ್ನು ಮಲಗಿಸುವುದು ರೂಢಿ. ಮಳೆಗಾಲದಲ್ಲಿ ಗೋಣಿ ಒಮ್ಮೆ ಒದ್ದೆಯಾದರೆ ಬೇಗ ಒಣಗದೆ ಮರಿಯ ಶಾಖವನ್ನು ಹೀರುತ್ತದೆ. ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ ದಿನಕ್ಕೆರಡು ಬಾರಿ ಬದಲಿಸುವ ಹಳೆಯ ಹತ್ತಿ ಬಟ್ಟೆ ಇದಕ್ಕಿಂತ ಉತ್ತಮ. ವಿದ್ಯುತ್ ಕೈಕೊಡುವ ದಿನಗಳಲ್ಲಿ ಬಲ್ಬಿನ ಶಾಖವನ್ನು ನೆಚ್ಚಿಕೊಳ್ಳುವಂತಿಲ್ಲ. ಬೆಚ್ಚನೆಯ ನೀರಿನ ಬಾಟಲಿಯನ್ನೇ ಅವಲಂಬಿಸಬೇಕಾಗುತ್ತದೆ.

ಕರಾವಳಿಯ ಮನೆಗಳಲ್ಲಿ ಭೇದಿಗೆ ಎಳನೀರು ಮತ್ತು ಗಂಜಿತಿಳಿ ಕೊಡುವ ಪದ್ಧತಿಯಿದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಾಗಿದ್ದು ಸೋಡಿಯಂ ತೀರಾ ಕಡಿಮೆ ಇರುವುದರಿಂದ ಅದು ಓಆರ್‌ಎಸ್‌ಗೆ ಸಮವಲ್ಲ. ನಾಲ್ಕು ವಾರ ದಾಟಿ ಆಹಾರ ತಿನ್ನಲಾರಂಭಿಸಿದ ಮರಿಗೆ ಮೆತ್ತಗೆ ಬೇಯಿಸಿದ ಅನ್ನ ಅಥವಾ ಗಂಜಿಯನ್ನು ಉಪ್ಪು-ಖಾರವಿಲ್ಲದೆ, ಮುಳ್ಳು ತೆಗೆದ ಬೇಯಿಸಿದ ಮೀನು ಅಥವಾ ಕೋಳಿಮಾಂಸದೊಂದಿಗೆ ಕೊಡಬಹುದು. ಆದರೆ ಹಾಲು ಕುಡಿಯುವ ವಯಸ್ಸಿನ ಮರಿಗೆ ಗಂಜಿ ಪೂರ್ಣ ಆಹಾರವಾಗಲಾರದು. ಉಪ್ಪು ಹಾಕಿ ಒಣಗಿಸಿದ ಮೀನು, ಮೀನಿನ ಮುಳ್ಳು ಮತ್ತು ಮಸಾಲೆಯ ಸಾರು ಯಾವ ವಯಸ್ಸಿನ ಮರಿಗೂ ಸಲ್ಲದು.

ಪಶುವೈದ್ಯ ಸೇವೆ

ಜಿಲ್ಲಾ ಕೇಂದ್ರವಾದ ಕಾರವಾರದಲ್ಲಿಯೂ, ಅದರ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರ ಅಂಕೋಲಾದಲ್ಲಿಯೂ ಕರ್ನಾಟಕ ಸರ್ಕಾರದ ಪಶುಪಾಲನೆ ಮತ್ತು ಪಶುವೈದ್ಯ ಸೇವಾ ಇಲಾಖೆಯ ಆಸ್ಪತ್ರೆಗಳಿವೆ. ಮುಖ್ಯವಾಗಿ ಜಾನುವಾರುಗಳಿಗಾಗಿ ರೂಪಿಸಲಾದ ಸಂಚಾರಿ ಪಶುಚಿಕಿತ್ಸಾ ಸೇವೆಯ ಸಹಾಯವಾಣಿ ಸಂಖ್ಯೆ 1962. ಮರಿಯನ್ನು ಒಯ್ಯುವಾಗ ಅದರ ವಯಸ್ಸು, ತೂಕ, ಕೊಟ್ಟ ಹಾಲಿನ ವಿವರ ಹಾಗೂ ಮುಚ್ಚಿದ ಶುಭ್ರ ಡಬ್ಬಿಯಲ್ಲಿ ಹೊಸ ಮಲದ ಮಾದರಿ ಇದ್ದರೆ ರೋಗನಿರ್ಣಯ ಬೇಗ ಸಾಧ್ಯವಾಗುತ್ತದೆ.

ಮಳೆಗಾಲದಲ್ಲಿ ಆಸ್ಪತ್ರೆಗೆ ತಲುಪುವುದೇ ಕಷ್ಟವಾಗುವ ಸಂದರ್ಭಗಳಿವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ಹಲವು ದಿನ ಸ್ಥಗಿತಗೊಂಡಿತ್ತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇಂತಹ ಪ್ರದೇಶದಲ್ಲಿ ಮರಿಗಳಿರುವ ಮನೆಯವರು ಮಳೆಗಾಲಕ್ಕೆ ಮುಂಚೆಯೇ ಓಆರ್‌ಎಸ್, ಗ್ಲೂಕೋಸ್, ಮರಿಗಳ ಹಾಲಿನ ಪುಡಿ, ಸೂಜಿಯಿಲ್ಲದ ಸಿರಿಂಜ್, ಥರ್ಮಾಮೀಟರ್ ಮತ್ತು ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಉಪಯುಕ್ತ.

ತಡೆಗಟ್ಟುವಿಕೆ

ಹುಟ್ಟಿದ ಮೊದಲ 24 ಗಂಟೆಗಳಲ್ಲಿ ತಾಯಿಯ ಗಿಣ್ಣುಹಾಲು ಕುಡಿದ ಮರಿಗೆ ಅದರಲ್ಲಿನ ಪ್ರತಿಕಾಯಗಳು ದೊರೆಯುತ್ತವೆ. ಆಮೇಲೆ ಕರುಳು ಅವುಗಳನ್ನು ಹೀರಿಕೊಳ್ಳುವುದಿಲ್ಲ. ಹೊಟ್ಟೆಹುಳುವಿನ ಔಷಧವನ್ನು ಸಾಮಾನ್ಯವಾಗಿ 2, 4, 6 ಮತ್ತು 8ನೇ ವಾರಗಳಲ್ಲಿ, ತಾಯಿಗೂ ಸೇರಿಸಿ, ತೂಕಕ್ಕೆ ತಕ್ಕಂತೆ ಕೊಡಲಾಗುತ್ತದೆ. ಪಾರ್ವೊ ಮತ್ತು ಡಿಸ್ಟೆಂಪರ್ ವಿರುದ್ಧದ ಲಸಿಕೆಯನ್ನು 6ರಿಂದ 8ನೇ ವಾರದಲ್ಲಿ ಆರಂಭಿಸಿ, 2ರಿಂದ 4 ವಾರಗಳ ಅಂತರದಲ್ಲಿ 16ನೇ ವಾರದವರೆಗೆ ಮುಂದುವರಿಸಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಚುಚ್ಚುಮದ್ದನ್ನು ನಿಷ್ಫಲಗೊಳಿಸಬಹುದಾದ್ದರಿಂದ ಒಂದೇ ಡೋಸ್ ಸಾಲದು.

ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು ಮತ್ತು ಸಾಮಾನ್ಯ ಸಾಬೂನಿಗೆ ನಾಶವಾಗುವುದಿಲ್ಲ. ಮೊದಲು ಮಲವನ್ನು ತೆಗೆದು ತೊಳೆದು, ನಂತರ ಕ್ಲೋರಿನ್‌ಯುಕ್ತ ಬ್ಲೀಚ್ ದ್ರಾವಣವನ್ನು ಸುಮಾರು 10 ನಿಮಿಷ ನಿಲ್ಲಿಸಬೇಕು. ರೋಗದಿಂದ ಮರಿ ಸತ್ತ ಜಾಗಕ್ಕೆ ಲಸಿಕೆ ಪೂರ್ಣಗೊಳ್ಳದ ಹೊಸ ಮರಿಯನ್ನು ತರಬಾರದು.

ಮನುಷ್ಯರ ಆರೋಗ್ಯ

ಪಾರ್ವೊ ವೈರಸ್‌ನ ಈ ಬಗೆ ಮನುಷ್ಯರಿಗೆ ಹರಡುವುದಿಲ್ಲ. ಆದರೆ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನ ಮೂಲಕ ಮಕ್ಕಳ ಹೊಟ್ಟೆ ಸೇರಿ ಯಕೃತ್ತು ಅಥವಾ ಕಣ್ಣಿಗೆ ಹಾನಿ ಮಾಡಬಲ್ಲವು. ನಾಯಿಗಳ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಹೊಕ್ಕು ತುರಿಸುವ ಗೆರೆಗಳನ್ನು ಉಂಟುಮಾಡುತ್ತವೆ. ಆದ್ದರಿಂದ ಮಲವನ್ನು ದಿನವೂ ತೆಗೆಯುವುದು, ಮರಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಅಗತ್ಯ. ಬೀದಿಯಿಂದ ತಂದ ಮರಿ ಕಚ್ಚಿದರೆ ಅಥವಾ ಪರಚಿದರೆ, ಅದು ಎಷ್ಟೇ ಚಿಕ್ಕದಾಗಿದ್ದರೂ, ಗಾಯವನ್ನು 15 ನಿಮಿಷ ಸಾಬೂನು ಮತ್ತು ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಲಸಿಕೆಗಾಗಿ ವೈದ್ಯರನ್ನು ಕಾಣಬೇಕು.