ಲೆಕ್ಕ ಬರೆದಿಡದ ಉಪಕಾರ

1987ರ ಡಿಸೆಂಬರಿನಲ್ಲಿ ಜೆರುಸಲೆಮಿನ ಯಾದ್ ವಶೇಮ್ ಸಂಸ್ಥೆ ಅಲ್ಬೇನಿಯಾದ ವೆಸೆಲಿ ಕುಟುಂಬಕ್ಕೆ ಗೌರವ ಘೋಷಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜೀವ ಒತ್ತೆಯಿಟ್ಟು ಯಹೂದಿಗಳನ್ನು ಉಳಿಸಿದ ಅನ್ಯಧರ್ಮೀಯರಿಗೆ 1963ರಿಂದ ಸಲ್ಲುತ್ತಿರುವ ಗೌರವ ಅದು. ಪೋಲೆಂಡ್, ಹಾಲೆಂಡಿನಂಥ ದೇಶಗಳ ಹೆಸರುಗಳು ಅಷ್ಟರಲ್ಲಾಗಲೇ ರಾಶಿ ರಾಶಿಯಾಗಿ ಆ ಪಟ್ಟಿ ಸೇರಿದ್ದವು. ಅಲ್ಬೇನಿಯಾದಿಂದ ಇವರೇ ಮೊದಲು. ಯುದ್ಧ ಮುಗಿದು 42 ವರ್ಷ ಕಳೆದಿತ್ತು.

ಇಷ್ಟು ತಡವಾಗಲು ಮೊದಲ ಕಾರಣ ರಾಜಕೀಯ. ಎನ್ವರ್ ಹೋಜಾನ ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಅಲ್ಬೇನಿಯಾ ಹೊರಜಗತ್ತಿಗೆ ಬಾಗಿಲು ಜಡಿದುಕೊಂಡು ಕೂತಿತ್ತು. 1967ರಲ್ಲಿ ಮಸೀದಿ, ಇಗರ್ಜಿ ಎನ್ನದೆ ಧರ್ಮವನ್ನೇ ನಿಷೇಧಿಸಿದ ದೇಶ ಅದು. ಇಸ್ರೇಲಿನ ಜೊತೆ ರಾಜತಾಂತ್ರಿಕ ಸಂಬಂಧ ಕುದುರಿದ್ದು 1991ರಲ್ಲಿ. ಯಾದ್ ವಶೇಮ್ ಗೌರವಕ್ಕೋ ಸಾಕ್ಷ್ಯ ಬೇಕು. ಸಾಕ್ಷಿ ಹೇಳಬೇಕಾದವರು ಇಸ್ರೇಲಿನಲ್ಲಿ, ಗೌರವ ಪಡೆಯಬೇಕಾದವರು ಈ ಜಡಿದ ಬಾಗಿಲಿನ ಒಳಗೆ.

ಎರಡನೇ ಕಾರಣ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಮನೆಗೆ ಬಂದವರನ್ನು ಬಚ್ಚಿಟ್ಟುಕೊಂಡ ಆ ಜನಕ್ಕೆ ತಾವು ಮಾಡಿದ್ದು ಎಲ್ಲಾದರೂ ದಾಖಲಾಗಬೇಕಾದ ಕೆಲಸ ಅಂತಲೇ ಅನ್ನಿಸಿರಲಿಲ್ಲ.

ವೆಸೆಲಿ ಕುಟುಂಬದ ಕತೆ ಶುರುವಾಗುವುದು ಒಂದು ಫೋಟೋದಿಂದ. ಮೋಶೆ ಮಂದಿಲ್ ಎಂಬ ಯಹೂದಿ ಯುಗೋಸ್ಲಾವಿಯಾದ ನೋವಿ ಸಾದ್ ಊರಿನ ಫೋಟೋಗ್ರಾಫರ್. ಹಬ್ಬದ ದಿನಗಳಲ್ಲಿ ಗಿರಾಕಿಗಳಿಗಾಗಿ ಸ್ಟುಡಿಯೋದಲ್ಲಿ ಕ್ರಿಸ್ಮಸ್ ಮರ ಸಿಂಗರಿಸಿಡುತ್ತಿದ್ದರು. ಒಂದು ಸಲ ತಮ್ಮ ಮಗ ಗಾವ್ರಾ ಮತ್ತು ಅವನ ತಂಗಿಯನ್ನೇ ಮರದ ಮುಂದೆ ನಿಲ್ಲಿಸಿ ಚಿತ್ರ ತೆಗೆದರು. 1941ರ ಏಪ್ರಿಲಿನಲ್ಲಿ ಜರ್ಮನರು ದಾಳಿಯಿಟ್ಟ ಮೇಲೆ ಸುಳ್ಳು ಗುರುತುಪತ್ರ ಹಿಡಿದು ದಕ್ಷಿಣಕ್ಕೆ ಓಡುವಾಗ ಕಾವಲಿನವರಿಗೆ ಅನುಮಾನ ಬಂತು. ನಾವು ಕ್ರೈಸ್ತರೇ ಎಂದು ತೋರಿಸಲು ಮೋಶೆ ಜೇಬಿನಿಂದ ಹೊರತೆಗೆದದ್ದು ಅದೇ ಚಿತ್ರ. ಬಿಟ್ಟುಕಳಿಸಿದರು. ವ್ಯಾಪಾರಕ್ಕೆಂದು ತೆಗೆದ ಫೋಟೋ ನಾಲ್ಕು ಜೀವ ಉಳಿಸಿತು.

ಮುಂದೆ ಕೊಸೊವೊದ ಪ್ರಿಸ್ತಿನಾದಲ್ಲಿ ಇಟಲಿಯವರ ಸೆರೆ, ಅಲ್ಲಿಂದ ಅಲ್ಬೇನಿಯಾ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದಾಗ ಮಂದಿಲ್ ಕುಟುಂಬ ರಾಜಧಾನಿ ತಿರಾನಾಕ್ಕೆ ಬಂತು. ಹಳೆಯ ಪರಿಚಯದ ಮೇಲೆ ಮೋಶೆಗೆ ಒಂದು ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಫೋಟೋಗ್ರಫಿ ಕಲಿಯುತ್ತಿದ್ದ ಹದಿನೇಳರ ಮುಸ್ಲಿಂ ಹುಡುಗನೇ ರೆಫಿಕ್ ವೆಸೆಲಿ. ಜರ್ಮನ್ ಸೇನೆ ಊರು ಹೊಕ್ಕಾಗ ಅವನು ಗುರುವಿನ ಸಂಸಾರವನ್ನು ಬೆಟ್ಟದೂರು ಕ್ರೂಯಾದ ತನ್ನ ಮನೆಗೆ ಕರೆದೊಯ್ಯಲು ಮುಂದಾದ. ಅಪ್ಪ ವೆಸೆಲ್, ಅಮ್ಮ ಫಾತಿಮಾ ಒಪ್ಪಿದರು. ಹೇಸರಗತ್ತೆಗಳ ಮೇಲೆ, ರಾತ್ರಿ ಕಾಡುದಾರಿ ಹಿಡಿದು, ಹಗಲು ಗವಿಗಳಲ್ಲಿ ಅಡಗಿ ಮನೆ ಸೇರಿದರು.

ಅಲ್ಲಿ ಮಾಡಿದ ಏರ್ಪಾಡು ನೋಡಿ. ಮೋಶೆ ದಂಪತಿಗೆ ಕೊಟ್ಟಿಗೆಯ ಮೇಲಿನ ಅಟ್ಟದ ಕೋಣೆ. ದೊಡ್ಡವರ ಮಾತು, ಚಹರೆ ಗುಟ್ಟು ಬಿಟ್ಟುಕೊಡುತ್ತದೆ. ಮಕ್ಕಳು ಹಾಗಲ್ಲ. ಗಾವ್ರಾ ಮತ್ತು ತಂಗಿ ಅಂಗಳದಲ್ಲಿ ವೆಸೆಲಿ ಮಕ್ಕಳ ಜೊತೆ ಬೆರೆತು ಹಗಲುಹೊತ್ತಿನಲ್ಲೇ ಆಡಿಕೊಂಡಿದ್ದರು. ಸ್ವಲ್ಪ ದಿನಕ್ಕೆ ರೆಫಿಕ್‌ನ ಅಣ್ಣತಮ್ಮಂದಿರಲ್ಲೊಬ್ಬನಾದ ಜೆಮಾಲ್ ಇನ್ನೊಂದು ಯಹೂದಿ ಸಂಸಾರವನ್ನು ತಿರಾನಾದಿಂದ ಕರೆತಂದ. ಅಟ್ಟದಲ್ಲಿ ಅವರಿಗೂ ಜಾಗವಾಯಿತು. 1944ರ ನವೆಂಬರಿನಲ್ಲಿ ಜರ್ಮನರು ಕಾಲ್ತೆಗೆಯುವವರೆಗೆ ಯಾರೂ ಸುಳಿವು ಕೊಡಲಿಲ್ಲ.

ಯುದ್ಧವಾದ ಮೇಲೆ ಮೋಶೆ ನೋವಿ ಸಾದಿಗೆ ಮರಳಿ ಸ್ಟುಡಿಯೋ ತೆರೆದರು. ಅರ್ಧಕ್ಕೆ ನಿಂತ ಕಸುಬು ಕಲಿಯಲು ರೆಫಿಕ್ ಅಲ್ಲಿಗೇ ಹೋಗಿ ಅವರ ಮನೆಯಲ್ಲೇ ಉಳಿದ. ಮಂದಿಲ್ ಕುಟುಂಬ ಇಸ್ರೇಲಿಗೆ ಹೊರಟಿತು, ರೆಫಿಕ್ ತನ್ನ ದೇಶಕ್ಕೆ ಮರಳಿದ. ದಶಕಗಳ ನಂತರ ಯಾದ್ ವಶೇಮ್‌ಗೆ ಪತ್ರ ಬರೆದು ಇಷ್ಟೆಲ್ಲ ತಿಳಿಸಿದ್ದು ಕ್ರಿಸ್ಮಸ್ ಮರದ ಮುಂದೆ ನಿಂತಿದ್ದ ಹುಡುಗ ಗಾವ್ರಾ. ರೆಫಿಕ್ ಜೆರುಸಲೆಮಿಗೆ ಹೋಗಲು ಸಾಧ್ಯವಾದದ್ದು 1990ರಲ್ಲಿ.

ಹೀಗೇಕೆ ಮಾಡಿದಿರಿ ಎಂದು ಕೇಳಿದವರಿಗೆ ಅಲ್ಬೇನಿಯನ್ನರು ಸಾಮಾನ್ಯವಾಗಿ ಹೇಳುವುದು ‘ಬೆಸಾ’. ಕೊಟ್ಟ ಮಾತು, ಅದರ ಜೊತೆಗೆ ಬರುವ ಮರ್ಯಾದೆ. ಉತ್ತರದ ಗುಡ್ಡಗಾಡಿನಲ್ಲಿ ಶತಮಾನಗಳಿಂದ ಬಾಯಿಂದ ಬಾಯಿಗೆ ಬಂದ ಕಟ್ಟಳೆಗಳಿವೆ. ಲೆಕೆ ದುಕಾಜಿನಿಯ ಕಾನುನ್ ಎಂದು ಅವಕ್ಕೆ ಹೆಸರು. ಷ್ಟೆಫೆನ್ ಗೆಚೊವಿ ಎಂಬ ಕ್ಯಾಥೊಲಿಕ್ ಪಾದ್ರಿ ಊರೂರು ತಿರುಗಿ ಅವನ್ನು ಸಂಗ್ರಹಿಸಿದರು. 1929ರಲ್ಲಿ ಅವರ ಕೊಲೆಯಾಯಿತು, ಸಂಗ್ರಹ ಅಚ್ಚಾದದ್ದು 1933ರಲ್ಲಿ. ಪ್ರವಾಸಿ ಕೈಪಿಡಿಗಳು ಮರೆಮಾಚುವ ಒಂದು ಮಾತಿದೆ: ತಲೆಮಾರುಗಟ್ಟಲೆ ಸಾಗುವ ರಕ್ತದ ಹಗೆಯನ್ನು ವಿಧಿಸುವುದೂ ಇದೇ ಕಾನುನ್. ಆಶ್ರಯ ಕೊಟ್ಟ ಅತಿಥಿಗೆ ಕೇಡಾದರೆ ಆತಿಥೇಯ ಸೇಡು ತೀರಿಸಿಕೊಳ್ಳಲೇಬೇಕು. ಕಾಪಾಡುವ ಕಟ್ಟಳೆಯೂ ಕೊಲ್ಲುವ ಕಟ್ಟಳೆಯೂ ಒಂದೇ ಬುಡದವು. ಸೌಮ್ಯ ಅತಿಥಿಸತ್ಕಾರ ಎಂದು ಅದನ್ನು ಸಾರುವವರು ಅದರ ಬಿಗಿಯನ್ನು ಅರಿತಿಲ್ಲ.

ಆದರೆ ಬೆಸಾ ಒಂದರಿಂದಲೇ ಎಲ್ಲವೂ ಆಯಿತು ಎಂದರೆ ನಾನು ಒಪ್ಪಲಾರೆ. ಯುದ್ಧಕ್ಕೆ ಮುಂಚೆ ಅಲ್ಬೇನಿಯಾದಲ್ಲಿದ್ದ ಯಹೂದಿಗಳು ಇನ್ನೂರು ಚಿಲ್ಲರೆ. ಜರ್ಮನಿ, ಆಸ್ಟ್ರಿಯಾ, ಸರ್ಬಿಯಾಗಳಿಂದ ಓಡಿಬಂದವರೂ ಸೇರಿದ ಮೇಲೆ, ಯುದ್ಧ ಮುಗಿದಾಗ ಆ ಸಂಖ್ಯೆ ಹಲವು ಪಟ್ಟು ಬೆಳೆದಿತ್ತು. ನಾಜಿಗಳು ತುಳಿದ ಯುರೋಪಿನಲ್ಲಿ ಇಂಥ ಮಾತು ಹೇಳಬಹುದಾದ ನಾಡು ಬಹಳ ಅಪರೂಪ. ಜರ್ಮನರು ಯಹೂದಿಗಳ ಪಟ್ಟಿ ಕೇಳಿದಾಗ ಅಲ್ಲಿನ ಆಡಳಿತ ಕೊಡಲಿಲ್ಲ. ಜರ್ಮನರಿಗೂ ಅಲ್ಬೇನಿಯಾ ಸ್ವತಂತ್ರ ರಾಷ್ಟ್ರವೆಂಬ ತೋರಿಕೆ ಉಳಿಸಿಕೊಳ್ಳುವುದು ಬೇಕಿತ್ತು, ಹಾಗಾಗಿ ತೀರಾ ಒತ್ತಾಯಿಸಲಿಲ್ಲ. ಪಕ್ಕದ ಕೊಸೊವೊದಲ್ಲಿ ಇದೇ ಭಾಷೆಯಾಡುವ, ಬೆಸಾ ಬಲ್ಲ ಜನರೇ ಇದ್ದರು. ಆದರೂ 1944ರ ಮೇ ತಿಂಗಳಲ್ಲಿ, ಬಹುಪಾಲು ಕೊಸೊವೊದ ಅಲ್ಬೇನಿಯನ್ನರೇ ತುಂಬಿದ್ದ ಎಸ್‌ಎಸ್ ಸ್ಕಾಂದರ್‌ಬೆಗ್ ದಳ ಪ್ರಿಸ್ತಿನಾದಲ್ಲಿ 281 ಯಹೂದಿಗಳನ್ನು ಹಿಡಿಯಿತು. ಅವರಲ್ಲಿ ಹೆಚ್ಚಿನವರು ಬೆರ್ಗನ್-ಬೆಲ್ಸನ್ ಶಿಬಿರ ಸೇರಿದರು. ಅದಕ್ಕೇ ವೆಸೆಲ್, ಫಾತಿಮಾ ಮಾಡಿದ್ದು ಸಂಪ್ರದಾಯದ ಯಾಂತ್ರಿಕ ಪಾಲನೆಯಲ್ಲ. ಇಲ್ಲವೆನ್ನಲು ಅವರಿಗೂ ದಾರಿಯಿತ್ತು.

ಒಂದು ಜನಾಂಗವನ್ನು ಗೌರವಿಸುವುದು ಹೇಗೆ ಎಂಬ ತೊಡಕು ಇಲ್ಲಿಯೇ ಇದೆ. ಯಾದ್ ವಶೇಮ್ ಗುರುತಿಸುವುದು ವ್ಯಕ್ತಿಗಳನ್ನು, ಅದೂ ಒಂದೊಂದೇ ಕಡತ ತೆರೆದು. ಫ್ರಾನ್ಸಿನ ಲ ಶಾಂಬೊನ್, ಹಾಲೆಂಡಿನ ನ್ಯೂಲಾಂಡೆಯಂಥ ಊರುಗಳಿಗೆ ಇಡಿಯಾಗಿ ಮನ್ನಣೆ ಸಿಕ್ಕಿದ್ದು ಅಪವಾದ. ಅಲ್ಬೇನಿಯಾದಿಂದ ಪಟ್ಟಿ ಸೇರಿದವರು ಇಂದಿಗೆ ಸುಮಾರು 75 ಮಂದಿ. ಬಚ್ಚಿಟ್ಟವರ ಸಂಖ್ಯೆ ಇದಕ್ಕಿಂತ ಹೆಚ್ಚೇ ಇದ್ದಿರಬೇಕು. ಆದರೆ ಆಶ್ರಯ ಪಡೆದವರು ಬಹುಪಾಲು ತೀರಿಕೊಂಡಿದ್ದಾರೆ, ಸಾಕ್ಷಿ ಹೇಳುವವರು ಯಾರು?

ಆ ಕೊರತೆಯನ್ನು ಬೇರೆ ದಾರಿಯಲ್ಲಿ ತುಂಬಿದವರು ಅಮೆರಿಕದ ಫೋಟೋಗ್ರಾಫರ್ ನಾರ್ಮನ್ ಗೆರ್ಶ್‌ಮನ್. ಊರೂರಿಗೆ ಹೋಗಿ, ಉಳಿಸಿದವರ ಮತ್ತು ಅವರ ಮಕ್ಕಳ ಭಾವಚಿತ್ರ ತೆಗೆದರು. 2007ರಲ್ಲಿ ಯಾದ್ ವಶೇಮ್‌ನಲ್ಲೇ ಅವುಗಳ ಪ್ರದರ್ಶನವಾಯಿತು, ಮರುವರ್ಷ ಪುಸ್ತಕ, 2012ರಲ್ಲಿ ಸಾಕ್ಷ್ಯಚಿತ್ರ. ಆ ಸಾಕ್ಷ್ಯಚಿತ್ರದಲ್ಲಿ ತಿರಾನಾದ ಆಟಿಕೆ ಅಂಗಡಿಯ ಒಬ್ಬರು ಬರುತ್ತಾರೆ. ಅವರ ತಂದೆ ಮನೆಯಲ್ಲಿಟ್ಟುಕೊಂಡಿದ್ದ ಯಹೂದಿ ಕುಟುಂಬ ಹೊರಡುವಾಗ ಮೂರು ಹೀಬ್ರೂ ಪುಸ್ತಕಗಳನ್ನು ಬಿಟ್ಟುಹೋಗಿತ್ತು, ಕಾದಿಡುತ್ತೇನೆಂದು ತಂದೆ ಮಾತು ಕೊಟ್ಟಿದ್ದರು. ಓದಲು ಬಾರದ ಆ ಪುಸ್ತಕಗಳನ್ನು ಹಿಡಿದು ಮಗ ಇಸ್ರೇಲಿನವರೆಗೆ ವಾರಸುದಾರರನ್ನು ಹುಡುಕಿಕೊಂಡು ಹೋದರು. ಅವರ ಮಟ್ಟಿಗೆ ಅದು ಗೌರವದ ವಿಷಯವಲ್ಲ, ತಂದೆಯ ಬಾಕಿ.

ಸರ್ಕಾರಿ ಸ್ಮಾರಕ ಬಂದದ್ದು ಇದೆಲ್ಲ ಆದ ಮೇಲೆ. 2020ರ ಜುಲೈನಲ್ಲಿ ತಿರಾನಾದ ದೊಡ್ಡ ಉದ್ಯಾನದ ಬಳಿ ಅಲ್ಬೇನಿಯನ್, ಹೀಬ್ರೂ, ಇಂಗ್ಲಿಷ್ ಭಾಷೆಗಳಲ್ಲಿ ಕೆತ್ತಿದ ಮೂರು ಕಲ್ಲುಗಳನ್ನು ನಿಲ್ಲಿಸಿದರು. ಅದಕ್ಕೂ ಮೊದಲೇ, 2014ರಲ್ಲಿ, ಬರ್ಲಿನ್ನಿನ ಕ್ರಾಯ್ಟ್ಸ್‌ಬರ್ಗಿನ ಒಂದು ಶಾಲೆ ರೆಫಿಕ್ ವೆಸೆಲಿಯ ಹೆಸರಿಟ್ಟುಕೊಂಡಿತ್ತು. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ವಲಸೆ ಬಂದ ಕುಟುಂಬದವರು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅಲ್ಬೇನಿಯಾದ ಬೆರಾತ್ ಊರಿನಲ್ಲಿ ಯಹೂದಿಗಳ ಕತೆ ಹೇಳುವ ಸೊಲೊಮೊನಿ ಮ್ಯೂಸಿಯಂ. ಸಿಮೊನ್ ವ್ರುಶೊ ಎಂಬ ನಿವೃತ್ತ ಅಧ್ಯಾಪಕರು 2018ರಲ್ಲಿ ಅದನ್ನು ತೆರೆದು, ಪಿಂಚಣಿ ಹಣ ಮತ್ತು ಡಬ್ಬಿಗೆ ಬೀಳುವ ಕಾಸಿನಿಂದ ನಡೆಸಿದರು. ಮರುವರ್ಷ ಅವರು ತೀರಿಕೊಂಡಾಗ ಮ್ಯೂಸಿಯಂ ಮುಚ್ಚುವ ಹಂತಕ್ಕೆ ಬಂತು. ಆಮೇಲೆ ಉದ್ಯಮಿಯೊಬ್ಬರು ಹಣ ಕೊಟ್ಟರು. ಅದೇ ವರ್ಷ ಇನ್ನೂ ದೊಡ್ಡ ಜಾಗದಲ್ಲಿ ಅದು ಮತ್ತೆ ತೆರೆಯಿತು.